ಅಷ್ಟೊಂದು ಬಲ ಇದ್ರೂ ಉತ್ತರದವ್ರು ಮೊದಲ ವರ್ಷದಲ್ಲೇ ಯಾಕೆ ಗೆಲ್ಲಲಿಲ್ಲ?

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಕಡೆ ಸುಮಾರು 2.2 ಕೋಟಿ ಜನ, ಫ್ಯಾಕ್ಟರಿ, ರೈಲು, ನೇವಿ ಎಲ್ಲಾ ಇತ್ತು. ದಕ್ಷಿಣದಲ್ಲಿ ಗುಲಾಮರನ್ನೂ ಸೇರಿಸಿ 90 ಲಕ್ಷ. ಹಂಗಿದ್ರೂ ಶುರುವಲ್ಲೇ ಯಾಕೆ ಮುಗಿಸೋಕಾಗ್ಲಿಲ್ಲ?

ಉತ್ತರ: ಬಲ ಇತ್ತು ಅನ್ನೋದು ಕಾಗದದ ಮೇಲೆ ಅಷ್ಟೇ. 1861ರ ಏಪ್ರಿಲ್ 12ಕ್ಕೆ ಉತ್ತರದವ್ರ ಕೈಲಿದ್ದ ಫೋರ್ಟ್ ಸಮ್ಟರ್ ಕೋಟೆ ಮೇಲೆ ದಕ್ಷಿಣದವ್ರ ಗುಂಡು ಬಿದ್ದು ಯುದ್ಧ ಶುರುವಾದಾಗ ಸೈನ್ಯ ಅನ್ನೋದೇ ಚಿಕ್ಕದು, ಅಧ್ಯಕ್ಷ ಲಿಂಕನ್ 75,000 ಜನರನ್ನ ಕರೆದ್ರು, ಅದೂ ಬರೀ 90 ದಿನಕ್ಕೆ. ಆ ಅವಧಿ ಮುಗಿಯೋದ್ರೊಳಗೆ ಏನಾದ್ರೂ ಮಾಡ್ಲೇಬೇಕು ಅಂತ ಪೇಪರ್‌ನವ್ರ ಒತ್ತಾಯ ಬೇರೆ, ಹಂಗಾಗಿ ಇನ್ನೂ ಸರಿಯಾಗಿ ಕವಾಯತೂ ಆಗದ ಹುಡುಗರನ್ನ ಕಟ್ಕೊಂಡು ಜನರಲ್ ಮೆಕ್‌ಡೊವೆಲ್ ಜುಲೈ 21ಕ್ಕೆ ವರ್ಜೀನಿಯಾದ ಬುಲ್ ರನ್‌ಗೆ ಹೋದ್ರು. ವಾಷಿಂಗ್ಟನ್‌ನಿಂದ ಜನ ತಿಂಡಿ ಬುಟ್ಟಿ ಹಿಡ್ಕೊಂಡು ಯುದ್ಧ ನೋಡೋಕೆ ಬಂದಿದ್ರು! ಆದ್ರೆ ಶೆನಂಡೋವಾ ಕಣಿವೆಯಿಂದ ದಕ್ಷಿಣದ ಸೈನ್ಯ ರೈಲು ಹತ್ತಿ ಬಂದು ಸೇರ್ಕೊಳ್ತು, ಸಂಜೆ ಹೊತ್ತಿಗೆ ಉತ್ತರದವ್ರು ದಿಕ್ಕಾಪಾಲು.

ಇಷ್ಟು ಓದಿ ನಿಲ್ಲಿಸಿದ್ರೆ ಮೊದಲ ವರ್ಷ ಬರೀ ಸೋಲು ಅನ್ಸುತ್ತೆ. ನನ್ನ ಪ್ರಕಾರ ವರ್ಜೀನಿಯಾ ಒಂದನ್ನೇ ನೋಡೋದ್ರಿಂದ ಹಿಂಗಾಗೋದು, ನೀರಿನ ಮೇಲೆ ಕಥೆ ಬೇರೇನೇ ಇತ್ತು.

1861ರ ಏಪ್ರಿಲ್ 19ಕ್ಕೇ ಲಿಂಕನ್ ಬ್ಲಾಕೇಡ್, ಅಂದ್ರೆ ದಕ್ಷಿಣದ ಬಂದರುಗಳಿಗೆ ಹಡಗು ಹೋಗಿ ಬರದಂಗೆ ದಿಗ್ಬಂಧನ, ಘೋಷಿಸಿದ್ರು. ಕರಾವಳಿ 3,500 ಮೈಲಿ, ಕೆಲಸಕ್ಕೆ ಸಿದ್ಧ ಇದ್ದ ಹಡಗು ನಲವತ್ತರ ಆಸುಪಾಸು, ಅದ್ರಲ್ಲೂ ಸುಮಾರು ಹಡಗು ದೂರದ ಸಮುದ್ರಗಳಲ್ಲಿ. ನಗೋ ವಿಷಯಾನೇ. ಆದ್ರೆ ಸಿಕ್ಕಿದ ದೋಣಿಗೆಲ್ಲ ತೋಪು ಹಾಕಿ, ದಕ್ಷಿಣದ ಕರಾವಳಿಯ ಹ್ಯಾಟರಾಸ್‌ನ ಆಗಸ್ಟ್‌ನಲ್ಲಿ, ಪೋರ್ಟ್ ರಾಯಲ್‌ನ ನವೆಂಬರ್ 7ಕ್ಕೆ ಹಿಡಿದ್ರು, ಅಲ್ಲೇ ಕಲ್ಲಿದ್ದಲು ತುಂಬ್ಕೊಳ್ಳೋಕೆ ಜಾಗ ಆಯ್ತು. ತಮಾಷೆ ಅಂದ್ರೆ ದಕ್ಷಿಣದವ್ರು ಆ ವರ್ಷ ಹತ್ತಿನ ತಾವೇ ತಡೆಹಿಡಿದಿದ್ರು, ಮಿಲ್ ನಿಂತ್ರೆ ಬ್ರಿಟನ್ ತಮ್ಮ ಪರ ಓಡಿ ಬರುತ್ತೆ ಅಂತ. ಬ್ರಿಟನ್ ಬರ್ಲಿಲ್ಲ, ನಮ್ಮ ಕಡೆ ತಿರುಗ್ತು: ಧಾರವಾಡದ ಹತ್ತಿ ರೇಟು ಗಗನಕ್ಕೇರಿತು, 1862ರಲ್ಲಿ ಉತ್ತರ ಕನ್ನಡನ ಮದ್ರಾಸಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರಿಸಿದ್ದರ ಹಿಂದೆಯೂ ಕಾರವಾರದಿಂದ ಹತ್ತಿ ಸಾಗಿಸೋ ಲೆಕ್ಕಾಚಾರ ಇತ್ತು.

ಎಲ್ಲರಿಗೂ ಗೊತ್ತಿರೋದು 1862ರ ಮಾರ್ಚ್‌ನ ಹ್ಯಾಂಪ್ಟನ್ ರೋಡ್ಸ್ ಕಾಳಗ. ಉತ್ತರದವ್ರೇ ಸುಟ್ಟು ಮುಳುಗಿಸಿ ಬಿಟ್ಟು ಹೋಗಿದ್ದ ಮೆರಿಮ್ಯಾಕ್ ಹಡಗನ್ನ ದಕ್ಷಿಣದವ್ರು ಎತ್ತಿ ಕಬ್ಬಿಣ ಹೊದಿಸಿ ವರ್ಜೀನಿಯಾ ಅಂತ ಹೆಸರಿಟ್ಟಿದ್ರು, ಅದು 8ನೇ ತಾರೀಕು ಉತ್ತರದ ಎರಡು ಮರದ ಹಡಗು ಮುಗಿಸ್ತು. ಮಾರನೇ ದಿನ ತೋಪಿನ ಗೋಪುರ ತಿರುಗೋ ಉತ್ತರದ ಕಬ್ಬಿಣದ ಹಡಗು ಮಾನಿಟರ್ ಎದುರಿಗೆ ನಿಲ್ತು, ಗಂಟೆಗಟ್ಲೆ ಹೊಡೆದಾಡಿದ್ರೂ ಯಾರೂ ಮುಳುಗ್ಲಿಲ್ಲ. ಬ್ಲಾಕೇಡ್ ಉಳೀತು, ಅಷ್ಟೇ ಸಾಕಿತ್ತು.

ನಿಜವಾದ ಪೆಟ್ಟು ಬಿದ್ದಿದ್ದು ನದಿಗಳಲ್ಲಿ. ಟೆನೆಸ್ಸಿ, ಕಂಬರ್ಲೆಂಡ್ ಎರಡೂ ದಕ್ಷಿಣದ ಹೊಟ್ಟೆಯೊಳಗೇ ಹೋಗೋ ದಾರಿ. 1862ರ ಫೆಬ್ರವರಿ 6ಕ್ಕೆ ಉತ್ತರದ ನೌಕಾಧಿಕಾರಿ ಫೂಟ್ ಅವರ ಗನ್‌ಬೋಟ್‌ಗಳು ಫೋರ್ಟ್ ಹೆನ್ರಿ ಹಿಡಿದ್ವು, ಹತ್ತು ದಿನಕ್ಕೆ ಜನರಲ್ ಗ್ರಾಂಟ್ ಫೋರ್ಟ್ ಡೊನೆಲ್ಸನ್‌ನಲ್ಲಿ 12,000ಕ್ಕೂ ಹೆಚ್ಚು ಜನರನ್ನ ಸೆರೆ ಹಿಡಿದ್ರು, ಅದೇ ತಿಂಗಳು ನ್ಯಾಶ್‌ವಿಲ್ ಕೈಗೆ ಬಂತು. ಏಪ್ರಿಲ್‌ನಲ್ಲಿ ಶೈಲೋ ಕದನ, ಎರಡೇ ದಿನಕ್ಕೆ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000, ಬೇಗ ಮುಗಿಯುತ್ತೆ ಅನ್ನೋ ಮಾತು ಅಲ್ಲಿಗೆ ಸತ್ತೋಯ್ತು. ಅದೇ ತಿಂಗಳ 24ರ ನಸುಕಲ್ಲಿ ಉತ್ತರದ ನೌಕಾಧಿಕಾರಿ ಫ್ಯಾರಗಟ್ ಎರಡು ಕೋಟೆಗಳ ಗುಂಡಿನ ಮಧ್ಯೆನೇ ಹಡಗು ನುಗ್ಗಿಸಿ ನ್ಯೂ ಆರ್ಲಿಯನ್ಸ್ ತಗೊಂಡ್ರು, ಅದು ದಕ್ಷಿಣದ ಅತಿ ದೊಡ್ಡ ಊರು.

ಮತ್ತೆ ಸೋತಿದ್ದು ವರ್ಜೀನಿಯಾದಲ್ಲೇ. ಒಂದು ಲಕ್ಷ ಜನ ಇಟ್ಕೊಂಡೂ ಉತ್ತರದ ಜನರಲ್ ಮೆಕ್‌ಕ್ಲೆಲನ್ ಯಾರ್ಕ್‌ಟೌನ್ ಮುಂದೆ ಒಂದು ತಿಂಗಳು ಕೂತ್ರು, ಎದುರಿಗಿದ್ದ ದಕ್ಷಿಣದ ಜನರಲ್ ಮಗ್ರೂಡರ್ ಇದ್ದ ಸ್ವಲ್ಪ ಜನರನ್ನೇ ಅತ್ತಿಂದಿತ್ತ ಮಾರ್ಚ್ ಮಾಡಿಸಿ ದೊಡ್ಡ ಸೈನ್ಯ ಇರೋ ಥರ ತೋರಿಸಿದ್ರು. ಜೂನ್‌ನಲ್ಲಿ ದಕ್ಷಿಣದ ಸೈನ್ಯಕ್ಕೆ ಜನರಲ್ ಲೀ ಬಂದ್ಮೇಲೆ ದಕ್ಷಿಣದ ರಾಜಧಾನಿ ರಿಚ್ಮಂಡ್ ಹಿಡಿಯೋ ಆಸೆ ಸದ್ಯಕ್ಕೆ ಮುಗೀತು. ಅದೇ ಜೂನ್ 6ಕ್ಕೆ ಪಶ್ಚಿಮದಲ್ಲಿ ಮೆಂಫಿಸ್ ಬಿತ್ತು, ಮಿಸಿಸಿಪ್ಪಿ ನದಿ ಮೇಲೆ ದಕ್ಷಿಣದವ್ರಿಗೆ ಉಳಿದ ದೊಡ್ಡ ಹಿಡಿತ ವಿಕ್ಸ್‌ಬರ್ಗ್ ಸುತ್ತಮುತ್ತ ಮಾತ್ರ.