ಸೊಪ್ಪು ಮೊದಲು, ಕುಂಬಳಕಾಯಿ ಆಮೇಲೆ

ಕತ್ತಲಾದ ಮೇಲೆ ಮೈಸೂರಿನ ದೇವರಾಜ ಮಾರುಕಟ್ಟೆ ಕಡೆ ಹೋದರೆ ಸೊಪ್ಪು ಮಾರುವವರ ದನಿಯೇ ಬದಲಾಗಿರುತ್ತದೆ. ಬೆಳಿಗ್ಗೆ ಒಂದು ಕಟ್ಟಿಗೆ ಹೇಳಿದ ದುಡ್ಡಿಗೆ ಈಗ ಎರಡು ಕಟ್ಟು, ಇನ್ನೂ ಸ್ವಲ್ಪ ಹೊತ್ತು ಕಾದರೆ ಮೂರು. ದಂಟು, ಕಿಲ್‌ಕೀರೆ, ಸಬ್ಬಸಿಗೆ ಎಲ್ಲ ಸೇರಿಸಿ ಗುಡ್ಡೆ ಹಾಕಿ, ಬಂದಷ್ಟಕ್ಕೆ ಕೊಟ್ಟು ಎದ್ದುಬಿಡುತ್ತಾರೆ. ಮಂಡ್ಯದ ಸಂತೆಯಲ್ಲೂ ಇದೇ ಕತೆ. ಕೊಂಡವರಿಗೆ ಅಗ್ಗಕ್ಕೆ ಸಿಕ್ಕಿತೆಂಬ ಖುಷಿ. ನಾಲ್ಕು ದಿನ ಬಿಟ್ಟು ಫ್ರಿಜ್ಜಿನ ಕೆಳಗಿನ ಟ್ರೇ ಎಳೆದರೆ ಪ್ಲಾಸ್ಟಿಕ್ ಕವರಿನೊಳಗೆ ಕೊಳೆತ ಎಲೆ, ಕಪ್ಪು ನೀರು. ಅಗ್ಗದ ಸೊಪ್ಪು ಅಂದೇ ಬೇಯದಿದ್ದರೆ ಅದರಷ್ಟು ದುಬಾರಿ ಇನ್ನೊಂದಿಲ್ಲ.

ಇದು ಒಂದಿಬ್ಬರ ಮನೆಯ ಮಾತಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿ ಪ್ರಕಾರ 2022ರಲ್ಲಿ ಇಡೀ ಪ್ರಪಂಚದಲ್ಲಿ 105 ಕೋಟಿ ಟನ್ ಆಹಾರ ಕಸಕ್ಕೆ ಹೋಗಿದೆ. ಅದರಲ್ಲಿ ನೂರಕ್ಕೆ 60 ಪಾಲು ಹೋಟೆಲಿನದ್ದೂ ಅಲ್ಲ, ಛತ್ರದ್ದೂ ಅಲ್ಲ, ಮನೆಗಳದ್ದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು. ಸಿಪ್ಪೆ, ಮೂಳೆಯಂಥ ತಿನ್ನಲಾಗದ್ದೂ ಈ ಲೆಕ್ಕದೊಳಗೇ ಇದೆ. ಆದರೂ ಕಡಿಮೆಯೇನಲ್ಲ.

ಉಳಿತಾಯಕ್ಕೆ ಎಲ್ಲರೂ ಹೇಳುವುದು ಒಂದೇ: ವಾರದ ಅಡುಗೆ ಏನೆಂದು ಮೊದಲೇ ಬರೆದಿಡಿ, ಚೀಟಿಯಲ್ಲಿರುವುದನ್ನಷ್ಟೇ ತನ್ನಿ. ಮಾತು ಸರಿಯೇ. ಆದರೆ ಬಾಯಿ ಕೇಳಿದ್ದನ್ನು ಬರೆದ ಪಟ್ಟಿ ಬುಧವಾರದ ಹೊತ್ತಿಗೆ ಮೂಲೆ ಸೇರುತ್ತದೆ. ಯಾರೋ ನೆಂಟರು ಬಂದರು, ಇನ್ಯಾವತ್ತೋ ಒಪ್ಪೊತ್ತು. ನನ್ನ ಪ್ರಕಾರ ಪಟ್ಟಿಯಲ್ಲಿ ವಾರಗಳ ಹೆಸರೇ ಬೇಡ. ಯಾವುದು ಮೊದಲು ಕೆಡುತ್ತದೆ, ಯಾವುದು ಆಮೇಲೆ, ಈ ಸಾಲು ಗೊತ್ತಿದ್ದರೆ ಸಾಕು.

ಕಿತ್ತ ತರಕಾರಿ ಸತ್ತಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಗಾಳಿಯಿಂದ ಆಮ್ಲಜನಕ ಎಳೆದುಕೊಂಡು ತನ್ನೊಳಗಿನ ಸಕ್ಕರೆ ಸುಟ್ಟು, ಇಂಗಾಲದ ಡೈಆಕ್ಸೈಡ್, ನೀರು, ಶಾಖ ಹೊರಗೆ ಬಿಡುತ್ತದೆ. ಗಿಡದಲ್ಲಿದ್ದಾಗ ಖರ್ಚಾದದ್ದು ಮತ್ತೆ ತುಂಬುತ್ತಿತ್ತು. ಈಗ ಸಂಬಳ ನಿಂತು ಖರ್ಚು ಮಾತ್ರ ಉಳಿದ ಮನೆಯ ಹಾಗೆ. ನಂಬಿಕೆ ಬಾರದಿದ್ದರೆ ಸೊಪ್ಪನ್ನು ಒತ್ತಿ ತುಂಬಿದ ಮೂಟೆ ಬಿಚ್ಚುವಾಗ ನಡುವೆ ಕೈ ಹಾಕಿ ನೋಡಿ. ಬೆಚ್ಚಗಿರುತ್ತದೆ. ಆ ಬಿಸಿ ಬರೀ ಬಿಸಿಲಿನದಲ್ಲ, ಸೊಪ್ಪಿನದೂ ಹೌದು.

ಎಲ್ಲ ತರಕಾರಿಯೂ ಒಂದೇ ವೇಗದಲ್ಲಿ ಉಸಿರಾಡುವುದಿಲ್ಲ. ಎಳೆಯ ಎಲೆ, ಎಳೆಯ ಕಾಯಿಗೆ ಅವಸರ ಜಾಸ್ತಿ. ಸೊಪ್ಪು, ಹಸಿ ಬಟಾಣಿ, ಬೆಂಡೆ, ಬೀನ್ಸ್ ಎಲ್ಲ ಈ ಗುಂಪಿನವು. ಈರುಳ್ಳಿ, ಆಲೂಗಡ್ಡೆ ಇದಕ್ಕೆ ತದ್ವಿರುದ್ಧ. ಮುಂದಿನ ಹಂಗಾಮಿನವರೆಗೆ ಸುಮ್ಮನಿರುವುದೇ ಅವುಗಳ ಕೆಲಸ, ಹಾಗಾಗಿ ಉಸಿರು ನಿಧಾನ. ಬಲಿತ ಸಿಹಿಗುಂಬಳ, ಸುವರ್ಣಗಡ್ಡೆಯೂ ಬೇಗ ಕೆಡುವವಲ್ಲ. ಇದರ ಮೇಲೆ ಸೆಕೆಯ ಲೆಕ್ಕ ಬೇರೆ. ಪ್ರತಿ 10 ಡಿಗ್ರಿ ಏರಿದರೆ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟು ಆಗುತ್ತದೆ. ಏಪ್ರಿಲ್‌ನ 35 ಡಿಗ್ರಿ ಅಡುಗೆಮನೆಗೂ 5 ಡಿಗ್ರಿಯ ಫ್ರಿಜ್ಜಿಗೂ ಏನಿಲ್ಲವೆಂದರೂ ಎಂಟು ಪಟ್ಟು ಅಂತರ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೂ ಇದು ದೊಡ್ಡ ತಲೆನೋವಿನ ವಿಷಯ: ಕೊಯ್ದ ಬೆಳೆ ಉಣ್ಣುವವರೆಗೆ ಕೆಡದಂತೆ ಉಳಿಸುವುದು ಹೇಗೆ.

ಆದ್ದರಿಂದ ಭಾನುವಾರ ಚೀಲ ತುಂಬಿ ತಂದರೆ ಅಂದು ರಾತ್ರಿ ಇಲ್ಲವೇ ಮಾರನೇ ದಿನ ಸೊಪ್ಪು. ಅದರ ಹಿಂದೆಯೇ ಬೆಂಡೆ, ಬೀನ್ಸ್. ಬದನೆ, ಹೀರೆ, ಸೋರೆ ವಾರದ ನಡುವೆ. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್ ಕೊನೆಗೆ. ಕುಂಬಳಕಾಯಿ ಹೆಚ್ಚದೆ ಇಟ್ಟರೆ ಮುಂದಿನ ವಾರಕ್ಕೂ ಆದೀತು. ಮೂಲಂಗಿ ತಂದ ತಕ್ಷಣ ಅದರ ಸೊಪ್ಪು ಕತ್ತರಿಸಿ ಬೇರೆ ಇಡಿ. ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನೇ ಹೀರುತ್ತಾ ಹೋಗುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ಕತ್ತರಿಸಿದ ಸೊಪ್ಪು ಅಂದಿನ ಪಲ್ಯಕ್ಕಾಯಿತು.

ಸೊಪ್ಪನ್ನು ತೊಳೆದು ಹಸಿಹಸಿಯಾಗಿ ಕವರಿಗೆ ತುರುಕುವವರು ಬಹಳ. ಅಲ್ಲೇ ಕೆಡುವುದು. ಎಲೆ ಒಣಗಬಾರದು ನಿಜ, ಆದರೆ ಮೇಲೆ ನೀರು ನಿಂತರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಬಿಡಿಸಿ, ಕೊಳೆತ ಕಡ್ಡಿ ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಕೊತ್ತಂಬರಿ ಕೂಡ ವಾರ ತಡೆಯುತ್ತದೆ. ತೊಳೆಯುವುದು ಅಡುಗೆ ಮಾಡುವಾಗ.

ಇನ್ನೊಂದು ಕಳ್ಳ ಇದೆ, ಕಣ್ಣಿಗೆ ಕಾಣುವುದಿಲ್ಲ. ಮಾಗುವ ಬಾಳೆ, ಪರಂಗಿ, ಮಾವು, ಟೊಮೆಟೊ ಎಲ್ಲ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ನಂಜನಗೂಡಿನ ರಸಬಾಳೆ ಆದರೂ ಅಷ್ಟೇ, ಪಚ್ಚಬಾಳೆ ಆದರೂ ಅಷ್ಟೇ. ಬಾಳೆ ಚಿಪ್ಪಿನ ಪಕ್ಕದಲ್ಲೇ ಸೊಪ್ಪಿಟ್ಟರೆ ಅದು ಬೇಗ ಹಳದಿಯಾಗುತ್ತದೆ. ಈ ಅನಿಲ ಗಿಡಗಳ ಮೇಲೆ ಕೆಲಸ ಮಾಡುತ್ತದೆಂದು 1901ರಲ್ಲಿ ಕಂಡುಹಿಡಿದದ್ದು ರಷ್ಯಾದ ವಿದ್ಯಾರ್ಥಿ ದಿಮಿತ್ರಿ ನೆಲ್ಯುಬೋವ್. ಅವನ ಪ್ರಯೋಗಾಲಯದ ಬಟಾಣಿ ಸಸಿಗಳು ಅಡ್ಡಾದಿಡ್ಡಿ ಬೆಳೆಯುತ್ತಿದ್ದವು. ಹುಡುಕಿದರೆ ಕಾರಣ ದೀಪದ ಗ್ಯಾಸ್‌ನಲ್ಲಿದ್ದ ಎಥಿಲೀನ್. ಹಣ್ಣುಗಳೇ ಇದನ್ನು ತಯಾರಿಸುತ್ತವೆ ಎಂದು ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿದ್ದು 1934ರಲ್ಲಿ. ನಮಗೆ ಬೇಕಾದ್ದು ಇಷ್ಟೇ: ಹಣ್ಣಿನ ಬುಟ್ಟಿ ಒಂದು ಕಡೆ, ಸೊಪ್ಪು ತರಕಾರಿ ಇನ್ನೊಂದು ಕಡೆ.

ಹಾಗಂತ ಎಲ್ಲವನ್ನೂ ಫ್ರಿಜ್ಜಿಗೆ ತುಂಬುವುದೂ ಜಾಣತನವಲ್ಲ. ವಾಂಗಿಭಾತಿಗೆಂದು ಹುಡುಕಿ ತಂದ ಈರನಗೆರೆ ಬದನೆಕಾಯಿ ತುಂಬಾ ತಣ್ಣಗಿನ ಜಾಗದಲ್ಲಿ ದಿನಗಟ್ಟಲೆ ಕೂತರೆ ಸಿಪ್ಪೆಯಲ್ಲಿ ಗುಳಿ ಬಿದ್ದು ಒಳಗಿನ ಬೀಜ ಕಂದಾಗುತ್ತದೆ. ಟೊಮೆಟೊ ರುಚಿ ಕಳೆದುಕೊಳ್ಳುತ್ತದೆ. ಆಲೂಗಡ್ಡೆಯ ಪಿಷ್ಟ ಚಳಿಗೆ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗುತ್ತದೆ. ಅದಕ್ಕೆ ಕತ್ತಲೆ, ಗಾಳಿಯಾಡುವ ಮೂಲೆಯೇ ಸರಿ. ಬೆಳಕಿಗೆ ಹಸಿರಾದ ಭಾಗ ಕಂಡರೆ ದಪ್ಪಗೆ ಕೆತ್ತಿ ಬಿಸಾಡಿ, ಅಲ್ಲಿ ಸೊಲನಿನ್ ಎಂಬ ವಿಷ ಸೇರಿಕೊಂಡಿರುತ್ತದೆ.

ಹೊಸ ಕಾಲದ ತಜ್ಞರು ಹೇಳುವ ‘ಏನನ್ನೂ ಬಿಸಾಡದ ಅಡುಗೆ’ಯನ್ನು ನಮ್ಮ ಕಡೆ ಎಷ್ಟೋ ಮನೆಯವರು ಹೆಸರಿಡದೆ ಮಾಡಿಕೊಂಡು ಬಂದಿದ್ದಾರೆ. ಬಸ್ಸಾರನ್ನೇ ನೋಡಿ. ಕಾಳು ಬೇಯಿಸಿ, ಅರೆಬೆಂದಾಗ ಸೊಪ್ಪು ಹಾಕಿ, ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳುತ್ತಾರೆ. ಬಸಿದ ನೀರಿಗೆ ರುಬ್ಬಿದ ಖಾರ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಜೊತೆಗೆ ಮುದ್ದೆ. ಒಂದೇ ಪಾತ್ರೆ, ಒಂದೇ ಸಲದ ಗ್ಯಾಸು, ಎರಡು ಬಗೆ. ಫೋಲೇಟ್, ಬಿ ಗುಂಪಿನ ಬೇರೆ ವಿಟಮಿನ್‌ಗಳು, ಪೊಟ್ಯಾಸಿಯಂ ಇವೆಲ್ಲ ನೀರಿನಲ್ಲಿ ಕರಗುವಂಥವು, ಬೇಯುವಾಗ ಒಂದಷ್ಟು ಕಟ್ಟಿಗೆ ಇಳಿಯುತ್ತವೆ. ಕಟ್ಟು ಸಿಂಕಿಗೆ ಹೋದರೆ ಅವೂ ಹೋದವು. ಬಸ್ಸಾರಿನಲ್ಲಿ ಅವು ಮುದ್ದೆಯ ಜೊತೆ ಹೊಟ್ಟೆಗೆ ಹೋಗುತ್ತವೆ. ಸಂಜೆ ಗುಡ್ಡೆಯಲ್ಲಿ ಸಿಕ್ಕ ಬೆರಕೆ ಸೊಪ್ಪಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಬೆರಕೆ ಇದ್ದಷ್ಟೂ ರುಚಿ.

ಮಿಕ್ಕ ಅನ್ನದ ವಿಷಯದಲ್ಲಿ ಮಾತ್ರ ಉಳಿತಾಯದ ಹುಚ್ಚು ಬೇಡ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ಅಕ್ಕಿಯಲ್ಲೂ ಬದುಕುತ್ತವೆ. ಅನ್ನ ಬೆಚ್ಚಗೆ ಹೊರಗೇ ಇದ್ದರೆ ಮೊಳೆತು, ವಾಂತಿ ಬರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಅಷ್ಟೇ. ರಾತ್ರಿ ಉಳಿದದ್ದನ್ನು ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು.

ದಿನಸಿಗೂ ಇಂಥದ್ದೇ ಲೆಕ್ಕ. ಆಫರ್ ಇದೆಯೆಂದು ಐದು ಕಿಲೋ ಅಲಸಂದೆ, ಹೆಸರುಕಾಳು ತಂದರೆ ಹುಳದ ಮೊಟ್ಟೆಯೂ ಜೊತೆಗೇ ಬಂದಿರಬಹುದು. ಅಜ್ಜಿಯರು ಕಾಳಿಗೆ ಹರಳೆಣ್ಣೆ ಸವರುತ್ತಿದ್ದುದು ಸುಮ್ನೆ ಅಲ್ಲ. ಎಣ್ಣೆಯ ಪದರ ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತದೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಆದರೆ ಹಿಟ್ಟಿಗೆ ಆ ಆಯಸ್ಸಿಲ್ಲ. ಬೀಸಿದ ಮೇಲೆ ಕಾಳಿನೊಳಗಿದ್ದ ಕೊಬ್ಬು ಗಾಳಿಗೆ ತೆರೆದುಕೊಂಡು ನಿಧಾನವಾಗಿ ಕಹಿಯಾಗುತ್ತದೆ. ರಾಗಿ ಮೂಟೆ ತನ್ನಿ, ಬೇಡ ಅನ್ನಲ್ಲ. ಮಿಲ್ಲಿಗೆ ಸ್ವಲ್ಪ ಸ್ವಲ್ಪವೇ ಕೊಡಿ.

ಇಷ್ಟಾದರೂ ಟ್ರೇಯಲ್ಲಿ ಅರ್ಧ ಕ್ಯಾರೆಟ್, ಎರಡು ಬೀನ್ಸ್, ಒಂದು ಹೋಳು ಎಲೆಕೋಸು ಉಳಿದೇ ಉಳಿಯುತ್ತದೆ, ಅಲ್ವಾ? ಅದಕ್ಕೇ ಮಾರುಕಟ್ಟೆಗೆ ಹೋಗುವ ಹಿಂದಿನ ದಿನಕ್ಕೆ ಏನನ್ನೂ ಗೊತ್ತುಮಾಡದೆ ಖಾಲಿ ಬಿಡಬೇಕು. ಅಂದು ಬಿಸಿಬೇಳೆಬಾತ್. ಅದು ಯಾವ ತರಕಾರಿ ಬಂದರೂ ಬೇಡವೆನ್ನುವುದಿಲ್ಲ. ಬೆಂಡೆಕಾಯಿಯೊಂದನ್ನು ಬಿಟ್ಟು, ಲೋಳೆ ಬಿಡುತ್ತದೆ.