ಹಳೇ ಔಟ್‌ಬೋರ್ಡ್ ಎಂಜಿನ್‌ಗೆ ಮೊದಲಿನ ಓಟ ಬರುತ್ತದಾ?

ಪ್ರಶ್ನೆ: ಗಂಗೊಳ್ಳಿಯಲ್ಲಿ ನಮ್ಮದೊಂದು ಫೈಬರ್ ನಾಡದೋಣಿ ಇದೆ. ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಎಂಜಿನ್ 12 ವರ್ಷ ಹಳೆಯದು, ಸೀಮೆಎಣ್ಣೆಯ ಟೂ ಸ್ಟ್ರೋಕ್, 9.9 ಹೆಚ್‌ಪಿ. ಈಗ ಮೊದಲಿನ ಓಟ ಇಲ್ಲ. ಅಳಿವೆ (ಹೊಳೆ ಕಡಲು ಸೇರುವ ಜಾಗ) ದಾಟುವಾಗ ಭಯ ಆಗುತ್ತದೆ. ಇದನ್ನೇ ಸರಿ ಮಾಡಬಹುದಾ, ಇಲ್ಲಾ ದೊಡ್ಡ ಎಂಜಿನ್ ತರಬೇಕಾ?

ಉತ್ತರ: ದೊಡ್ಡ ಎಂಜಿನ್ ಮಾತು ಸದ್ಯಕ್ಕೆ ಬಿಡಿ. ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ದೊಡ್ಡ ಬೋಟ್‌ಗಳೆಲ್ಲ ದಡ ಸೇರಿರುವಾಗ ಕಡಲಿಗೆ ಇಳಿಯಲು ಬಿಡುವುದು 10 ಹೆಚ್‌ಪಿ ತನಕದ ನಾಡದೋಣಿಗಳನ್ನು. ಆ ಗೆರೆ ದಾಟಿದರೆ ಮಳೆಗಾಲದ ಮೀನು ಕೈತಪ್ಪಿತು. ನಾಡದೋಣಿಯವರಿಗೆ ಅದೇ ಅಲ್ವಾ ಸುಗ್ಗಿ?

ನೀವು ಹೇಳದೇ ಬಿಟ್ಟ ಒಂದು ವಿಷಯ ಇದೆ. ಫುಲ್ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಹೇಗೆ ಕೂಗುತ್ತದೆ? ಕೂಗು ಜೋರಾಗಿದ್ದೂ ದೋಣಿ ಮುಂದೆ ಹೋಗುವುದಿಲ್ಲ ಅಂದರೆ ತೊಂದರೆ ನೀರಿನ ಕೆಳಗಿದೆ. ಕೂಗೇ ಏರುವುದಿಲ್ಲ ಅಂದರೆ ಸಾಮಾನ್ಯವಾಗಿ ಕವರ್ ಒಳಗಿದೆ. ಇದನ್ನು ನೋಡದೆ ಸಿಕ್ಕಿದ ಪಾರ್ಟ್ ಎಲ್ಲ ಬದಲಿಸುತ್ತಾ ಹೋದರೆ ದುಡ್ಡು ಸುಮ್ನೆ ನೀರಿಗೆ.

ಮೊದಲು ಕೂಗು ಏರದೇ ಇರುವ ಎಂಜಿನ್. ಆಫ್ ಮಾಡಿ, ಕವರ್ ತೆಗೆಯಿರಿ. ಒಬ್ಬರು ಆಕ್ಸಿಲರೇಟರ್ ಹಿಡಿಯನ್ನು ಪೂರ್ತಿ ತಿರುಗಿಸಲಿ, ನೀವು ಕಾರ್ಬುರೇಟರ್ ಬಾಯಿ ನೋಡಿ. ಒಳಗಿನ ತಗಡಿನ ಮುಚ್ಚಳ ಗಾಳಿಗೆ ಪೂರ್ತಿ ದಾರಿ ಬಿಡುವಷ್ಟು ತಿರುಗಿ ನಿಲ್ಲಬೇಕು. ಹಳೇ ಎಂಜಿನ್‌ಗಳಲ್ಲಿ ಕೇಬಲ್ ಜಗ್ಗಿ, ಕೊಂಡಿ ಸವೆದು ಅದು ಮುಕ್ಕಾಲಿಗೇ ನಿಂತುಬಿಡುತ್ತದೆ. ನೀವು ಫುಲ್ ಕೊಟ್ಟೆ ಅಂದುಕೊಂಡಿರುತ್ತೀರಿ, ಎಂಜಿನ್‌ಗೆ ಅದು ತಲುಪಿರುವುದೇ ಇಲ್ಲ.

ಅದು ಸರಿ ಇದ್ದರೆ ಎಣ್ಣೆಯ ದಾರಿ ಹಿಡಿಯಿರಿ. ಓಡುತ್ತಿರುವಾಗ ಎಂಜಿನ್ ಸೋತಿತು ಅನ್ನಿಸಿದ ಕೂಡಲೇ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಒತ್ತಿ. ಒತ್ತಿದಾಗ ಚೇತರಿಸಿಕೊಂಡರೆ ಎಣ್ಣೆ ಸಾಲುತ್ತಿಲ್ಲ ಎಂದರ್ಥ. ಪೈಪ್ ಜಾಯಿಂಟಲ್ಲಿ ಗಾಳಿ ಎಳೆಯುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು, ಫ್ಯೂಯೆಲ್ ಪಂಪಿನ ತೆಳು ಪರದೆ ಹರಿದಿರಬಹುದು. ನಾನೇ ಒಮ್ಮೆ ಎರಡು ದಿನ ಕಾರ್ಬುರೇಟರ್ ಬಿಚ್ಚಿ ಜೋಡಿಸುತ್ತಾ ಕೂತಿದ್ದೆ. ಹತ್ತು ನಿಮಿಷ ಚೆನ್ನಾಗಿ ಓಡುವುದು, ಆಮೇಲೆ ಉಸಿರು ಕಟ್ಟಿದ ಹಾಗೆ ಆಗುವುದು. ಕೊನೆಗೆ ನೋಡಿದರೆ ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆದೇ ಇರಲಿಲ್ಲ! ಇವತ್ತಿಗೂ ಮೊದಲು ಕೈ ಹೋಗುವುದು ಅಲ್ಲಿಗೇ.

ಎಂಜಿನ್ ಶುರು ಮಾಡಲು ಹಾಕುವ ಪೆಟ್ರೋಲ್ ಕಡೆಗೂ ಗಮನ ಇರಲಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20% ತನಕ ಎಥನಾಲ್ ಇರುತ್ತದೆ. ಅದು ನೀರನ್ನು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನ್‌ನಲ್ಲಿ ಇಡಬೇಡಿ. ಸೀಮೆಎಣ್ಣೆಯನ್ನು ಗಾಜಿನ ಬಾಟಲಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ.

ಆಮೇಲೆ ಸ್ಪಾರ್ಕ್ ಪ್ಲಗ್, ಸಿಲಿಂಡರ್‌ಗೆ ಒಂದರಂತೆ ಎರಡು. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಡಿ. ಒಂದು ಕಾಫಿಪುಡಿ ಬಣ್ಣ, ಇನ್ನೊಂದು ಕಪ್ಪಾಗಿ ಒದ್ದೆ ಇದ್ದರೆ, ನಿಮ್ಮ ಎಂಜಿನ್ ಹೆಚ್ಚುಕಡಿಮೆ ಒಂದೇ ಸಿಲಿಂಡರ್‌ನಲ್ಲಿ ಓಡುತ್ತಿದೆ. ಎರಡೂ ಮಸಿ ಹಿಡಿದಿದ್ದರೆ ನಿಲ್ಲಿಸುವ ಅಭ್ಯಾಸ ನೋಡಿಕೊಳ್ಳಿ. ಶುರು ಪೆಟ್ರೋಲ್‌ನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆ, ದಡಕ್ಕೆ ಬರುವ ಕೆಲವು ನಿಮಿಷ ಮೊದಲು ಮತ್ತೆ ಪೆಟ್ರೋಲ್. ಈ ಕೊನೆಯದನ್ನು ತುಂಬಾ ಜನ ಬಿಡುತ್ತಾರೆ, ಮಾರನೇ ದಿನ ಬೆಳಿಗ್ಗೆ ಹಗ್ಗ ಎಳೆದೆಳೆದು ಭುಜ ನೋಯಿಸಿಕೊಳ್ಳುತ್ತಾರೆ.

ಎರಡನೆಯದು, ಕೂಗು ಜಾಸ್ತಿ, ಓಟ ಕಡಿಮೆ. ಇಲ್ಲಿ ಅನುಮಾನ ನೀರೊಳಗೆ ತಿರುಗಿ ದೋಣಿ ತಳ್ಳುವ ಫ್ಯಾನ್ ಮೇಲೆ. ಎಲೆಯ ಅಂಚು ಮರಳಿಗೆ ತಾಗಿ ಮೊಂಡಾಗಿದೆಯಾ, ಮಡಿಚಿದೆಯಾ ನೋಡಿ. ಬುಡದಲ್ಲಿ ಬಲೆ ದಾರ ಸುತ್ತಿದೆಯಾ ಅದನ್ನೂ ನೋಡಿ. ಕಣ್ಣಿಗೆ ಕಾಣದ ಕಳ್ಳ ಇನ್ನೊಬ್ಬ ಇದ್ದಾನೆ. ಫ್ಯಾನ್‌ನ ನಡುವೆ ರಬ್ಬರ್ ಬುಶ್ ಇರುತ್ತದೆ. ಅದು ಸವೆದರೆ ಶಾಫ್ಟ್ ಜೊತೆ ಒಳಗಿನ ತೋಳು ತಿರುಗುತ್ತದೆ, ಹೊರಗಿನ ಎಲೆಗಳು ಜಾರುತ್ತವೆ. ಫ್ಯಾನ್ ಬಿಚ್ಚಿ, ಒಳತೋಳಿನಿಂದ ಹೊರಭಾಗದ ತನಕ ಬಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಮತ್ತೆ ಹಾಕಿ ಫುಲ್‌ನಲ್ಲಿ ಓಡಿಸಿ ಬನ್ನಿ. ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ಬುಶ್ ಹೋಗಿದೆ.

ಎಂಜಿನ್ ಕೂರಿಸಿದ ಎತ್ತರವೂ ಮುಖ್ಯ. ಫ್ಯಾನ್‌ನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳಕ್ಕೆ ಸಮ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲೆ ಇದ್ದರೆ ಫ್ಯಾನ್ ಗಾಳಿ ಎಳೆದುಕೊಂಡು ಸುಮ್ನೆ ಗಿರಗಿರ ತಿರುಗುತ್ತದೆ.

ಇನ್ನು ದೋಣಿ. ಎಂಜಿನ್‌ಗೆ ಬೈಯುವ ಮುಂಚೆ ತಳ ನೋಡಿ. ಪಾಚಿ, ಚಿಪ್ಪು ಹಿಡಿದ ತಳ ನೀರನ್ನು ಹಿಡಿದು ಎಳೆಯುತ್ತದೆ. ಹಲಗೆ ಅಡಿ 100 ಲೀಟರ್ ನೀರು ನಿಂತಿದ್ದರೆ 100 ಕೆಜಿ ಹೊರೆ ದಿನಾ ಹೊತ್ತ ಹಾಗೆ. ಹಾಗೆಯೇ, ನೀರು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ಮಿತಿ. ನೀರಿಗೆ ತಾಗಿದ ಉದ್ದ 25 ಅಡಿ ಇದ್ದರೆ ಸುಮಾರು 6.7 ನಾಟ್, ಅಂದರೆ ಗಂಟೆಗೆ 12 ಕಿ.ಮೀ. ಬಲೆ, ಮೀನು, ಜನ ಎಲ್ಲ ಹೇರಿದ ಮೇಲೆ ನಿಮ್ಮ ದೋಣಿ ಇದರ ಹತ್ತಿರ ಓಡುತ್ತಿದ್ದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ.

ಓಟ ಜಾಸ್ತಿ ಮಾಡಿಸಲು ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ತೇಯಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೀಮೆಎಣ್ಣೆ ಒತ್ತಡ ತಡೆಯುವುದಿಲ್ಲ, ತಾನಾಗೇ ಹೊತ್ತಿಕೊಂಡು ಒಳಗೆ ಹೊಡೆಯುತ್ತದೆ. ಅದಕ್ಕೇ ಈ ಎಂಜಿನ್‌ಗಳಲ್ಲಿ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಕಡಿಮೆ ಇಟ್ಟಿರುವುದು. ತೇಯಿಸಿದರೆ ಪಿಸ್ಟನ್ ತೂತು ಬೀಳಬಹುದು. ಟೂ ಸ್ಟ್ರೋಕ್ ಎಂಜಿನ್‌ನ ಇಂಧನಕ್ಕೆ ಬೆರೆಸುವ ಮಿಕ್ಸಿಂಗ್ ಆಯಿಲ್ ಕಡಿಮೆ ಮಾಡುವುದೂ ಅಂಥದ್ದೇ ತಪ್ಪು. 50:1 ಅಂದರೆ ಲೀಟರ್‌ಗೆ 20 ಎಂಎಲ್. ಸೀಮೆಎಣ್ಣೆಗೆ ಕಂಪನಿ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ.

ಎಂಜಿನ್ ತಂಪು ಮಾಡಿ ಹಿಂದಿನಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾಗಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ತೂತಿಗೆ ತಂತಿ ಹಾಕಿ ನೋಡಿ. ಆಗಲೂ ಸರಿಯಾಗದಿದ್ದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಬದಲಿಸಿ. ಗೇರ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಸೀಲ್ ಹೋಗಿ ನೀರು ನುಗ್ಗಿದೆ.

ಇಷ್ಟೆಲ್ಲ ಮಾಡಿಯೂ ಓಟ ಬಾರದಿದ್ದರೆ ಮೆಕ್ಯಾನಿಕ್ ಹತ್ತಿರ ಕಂಪ್ರೆಶನ್ ಅಳೆಸಿ. ಎರಡು ಸಿಲಿಂಡರ್‌ಗಳ ನಡುವೆ 10%ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ರಿಂಗ್, ಪಿಸ್ಟನ್ ಕೆಲಸ ಇದೆ. ಆ ಖರ್ಚು ಎಷ್ಟಾಗುತ್ತದೆ ಕೇಳಿಕೊಂಡು, ಹೊಸ ಎಂಜಿನ್ ಬೆಲೆ ಪಕ್ಕ ಇಟ್ಟು ನೋಡಿ. ತಂದರೂ 9.9ನ್ನೇ ತನ್ನಿ. ರಿಪೇರಿ ಆದ ಮೇಲೆ ಮೊದಲ ಓಟ ಹೊಳೆಯ ಒಳಗೇ ಆಗಲಿ, ಅರ್ಧ ಗಂಟೆ. ಅಳಿವೆ ಮಾರನೇ ದಿನಕ್ಕೆ.