ಆಂಟಿಬಯಾಟಿಕ್‌ಗೆ ಜಗ್ಗದ ಜ್ವರ

ರಕ್ತದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆದವರಿಗೆ ಹತ್ತು ಹನ್ನೆರಡು ದಿನ ಕಳೆಯುವ ಹೊತ್ತಿಗೆ ಜ್ವರ ಬರುವುದು ಅಪರೂಪವೇನಲ್ಲ. ಕೂಡಲೇ ಪ್ರಬಲ ಆಂಟಿಬಯಾಟಿಕ್ ಶುರುಮಾಡುತ್ತಾರೆ. ಕೆಲವರಿಗೆ ನಾಲ್ಕೈದು ದಿನವಾದರೂ ಜ್ವರ ಇಳಿಯುವುದಿಲ್ಲ. ಕಫವಿಲ್ಲ, ಇದ್ದರೆ ಒಣಕೆಮ್ಮು. ಎದೆಯ ಎಕ್ಸ್‌ರೇಯಲ್ಲೂ ಏನೂ ಕಾಣದು. ಆ ಎಕ್ಸ್‌ರೇ ಮನೆಯವರಿಗೆ ಸಮಾಧಾನ ತರುತ್ತದೆ. ವೈದ್ಯರಿಗೆ ಮಾತ್ರ ಆಗಲೇ ಬೂಷ್ಟಿನ ನೆನಪಾಗಬೇಕು.

ತೇವ ಹಿಡಿದ ಗೋಡೆಯಲ್ಲಿ, ಕೊಳೆತ ಎಲೆಗಳ ರಾಶಿಯಲ್ಲಿ ಬೆಳೆಯುವ ಬೂಷ್ಟೇ ಇದು. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಶಿಲೀಂಧ್ರದ ಬೀಜಕಗಳು ಬರೀ 2-3 ಮೈಕ್ರೋಮೀಟರ್ ಗಾತ್ರದವು. ಮೂಗು ಗಂಟಲುಗಳನ್ನು ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ದಿನಕ್ಕೆ ನೂರಾರು ಬೀಜಕಗಳು ಎಲ್ಲರ ಉಸಿರಲ್ಲೂ ಒಳಹೋಗುತ್ತವೆ. ಬಹುತೇಕ ಶಿಲೀಂಧ್ರಗಳಿಗೆ ನಮ್ಮ ಮೈಯ 37 ಡಿಗ್ರಿ ಶಾಖವೇ ಆಗಿಬರುವುದಿಲ್ಲ. ಇದು 50 ಡಿಗ್ರಿಯಲ್ಲೂ ಬೆಳೆಯಬಲ್ಲದು. ಹಾಗಿದ್ದೂ ನಾವು ಆರಾಮಾಗಿರುವುದು ಕಾವಲಿನಿಂದ. ಗಾಳಿಚೀಲದಲ್ಲಿರುವ ಭಕ್ಷಕ ಕೋಶಗಳು ಬೀಜಕಗಳನ್ನು ನುಂಗುತ್ತವೆ. ತಪ್ಪಿಸಿಕೊಂಡು ಮೊಳೆತು ಎಳೆ ಚಾಚಿದವನ್ನು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿ ಕೊಲ್ಲುತ್ತವೆ. ಕಿಮೊಥೆರಪಿಯ ನಂತರ ಈ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕಡಿಮೆಯಾಗಿ, ದಿನಗಟ್ಟಲೆ ಹಾಗೇ ಉಳಿದರೆ ಬೂಷ್ಟಿಗೆ ತಡೆಯಿಲ್ಲ.

ಎಕ್ಸ್‌ರೇ ಮೋಸ ಮಾಡುವುದೂ ಇದೇ ಕಾರಣಕ್ಕೆ. ಕಫ, ಕೀವು, ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಮಚ್ಚೆ ಇವೆಲ್ಲ ಬಹುಪಾಲು ನಮ್ಮದೇ ಕಣಗಳು ಹೋರಾಡಿದ ಗುರುತು. ಹೋರಾಡುವವರೇ ಇಲ್ಲದಾಗ ಗುರುತೆಲ್ಲಿಂದ ಬರಬೇಕು? ರಕ್ತದಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿದರೂ ಆಸ್ಪರ್ಜಿಲಸ್ ಸಿಗುವುದು ತೀರಾ ವಿರಳ. ಸಿಟಿ ಸ್ಕ್ಯಾನ್ ಮಾಡಿದರೆ ಒಂದು ಗಟ್ಟಿ ಗಂಟು, ಅದರ ಸುತ್ತ ಮಸುಕಾದ ಬಳೆ ಕಾಣಬಹುದು. ಆ ಬಳೆ ರಕ್ತಸ್ರಾವದ್ದು: ಶಿಲೀಂಧ್ರದ ಎಳೆಗಳು ರಕ್ತನಾಳವನ್ನೇ ಕೊರೆದಿರುತ್ತವೆ. ಅದರ ಕೋಶಭಿತ್ತಿಯಿಂದ ಕಳಚಿ ರಕ್ತಕ್ಕೆ ಸೇರುವ ಗ್ಯಾಲಕ್ಟೊಮ್ಯಾನನ್ ಎಂಬ ಸಕ್ಕರೆಯನ್ನೂ ಪರೀಕ್ಷೆಯಿಂದ ಹಿಡಿಯಬಹುದು.

ಔಷಧಿಗಳು ಕೈಬೆರಳಲ್ಲಿ ಎಣಿಸುವಷ್ಟು. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು. ಅವುಗಳ ಜೀವಕೋಶ ನಮ್ಮದನ್ನೇ ಹೋಲುವುದರಿಂದ, ಅದಕ್ಕೆ ಕೊಟ್ಟ ಏಟು ನಮಗೂ ತಾಗುತ್ತದೆ. ಸಿಕ್ಕಿರುವ ಒಂದು ವ್ಯತ್ಯಾಸವೆಂದರೆ, ನಮ್ಮ ಕೋಶಪೊರೆಯಲ್ಲಿ ಕೊಲೆಸ್ಟೆರಾಲ್ ಇದ್ದರೆ ಅವುಗಳದ್ದರಲ್ಲಿ ಎರ್ಗೊಸ್ಟೆರಾಲ್ ಇದೆ. ಆಂಫೊಟೆರಿಸಿನ್ ಬಿ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಕೊಲ್ಲುತ್ತದೆ, ಆದರೆ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ವೊರಿಕೊನಜೋಲ್ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುತ್ತದೆ. 2002ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, 12 ವಾರಗಳ ನಂತರ ಬದುಕಿದ್ದವರು ವೊರಿಕೊನಜೋಲ್‌ನಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಶೇ. 71, ಆಂಫೊಟೆರಿಸಿನ್‌ನಿಂದ ಆರಂಭಿಸಿದವರಲ್ಲಿ ಶೇ. 58. ವೊರಿಕೊನಜೋಲ್ ಸೇರಿದ ಅಜೋಲ್ ಗುಂಪಿನ ರಾಸಾಯನಿಕಗಳನ್ನು ಬೆಳೆಗಳಿಗೂ ಸಿಂಪಡಿಸುತ್ತಾರೆ; ಹೊಲದ ಬೂಷ್ಟು ಅವಕ್ಕೆ ಒಗ್ಗಿಹೋಗುತ್ತದೆ. ಹಾಗಾಗಿ ಒಮ್ಮೆಯೂ ಆ ಔಷಧಿ ತೆಗೆದುಕೊಳ್ಳದ ರೋಗಿಯಲ್ಲೂ ಅದಕ್ಕೆ ಜಗ್ಗದ ಬೂಷ್ಟು ಸಿಗುತ್ತಿದೆ. ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವ ಸಂಗತಿ ಇದು.

ಕಾಡುವ ಶಿಲೀಂಧ್ರಗಳು ಬೇರೆಯವೂ ಇವೆ. ಕ್ಯಾಂಡಿಡಾ ನಮ್ಮ ಕರುಳಲ್ಲೇ ವಾಸವಿದ್ದು, ಅವಕಾಶ ಸಿಕ್ಕಾಗ ರಕ್ತಕ್ಕೆ ನುಗ್ಗುತ್ತದೆ. ಎಚ್‌ಐವಿ ಸೋಂಕು ಬಲಿತವರಲ್ಲಿ ಕ್ರಿಪ್ಟೊಕಾಕಸ್ ಮಿದುಳಿನ ಪೊರೆಗೆ ತಗುಲಿ, ವಾರಗಟ್ಟಲೆ ಬಿಡದ ತಲೆನೋವು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಪಟ್ಟಿ ಮಾಡಿದ 19 ಅಪಾಯಕಾರಿ ಶಿಲೀಂಧ್ರಗಳಲ್ಲಿ ಇವೂ ಸೇರಿವೆ.

ಸರಿಯಾದ ಔಷಧಿ ಶುರುವಾಗಿ ವಾರ ಕಳೆದ ಮೇಲೆ ಮತ್ತೆ ಸಿಟಿ ತೆಗೆದರೆ, ಗಂಟು ಮೊದಲಿಗಿಂತ ದೊಡ್ಡದಾಗಿ ಕಾಣುವುದುಂಟು. ಮನೆಯವರ ಎದೆ ಧಸಕ್ಕೆನ್ನುತ್ತದೆ. ಅಷ್ಟರಿಂದಲೇ ಚಿಕಿತ್ಸೆ ಸೋತಿತೆಂದು ತಿಳಿಯಬೇಕಿಲ್ಲ. ನ್ಯೂಟ್ರೊಫಿಲ್‌ಗಳು ಮರಳಿ ಬಂದು, ಸತ್ತ ಅಂಗಾಂಶವನ್ನು ಕಳಚತೊಡಗಿದಾಗ, ಗಂಟಿನ ಅಂಚಿನಲ್ಲಿ ಬಿದಿಗೆ ಚಂದ್ರನಂಥ ಗಾಳಿಯ ತೆಳುಗೆರೆ ಮೂಡುತ್ತದೆ. ಆ ದಿನಗಳಲ್ಲಿ ಕೆಮ್ಮಿನಲ್ಲಿ ರಕ್ತ ಬರುವ ಅಪಾಯವಿರುವುದರಿಂದ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ; ಆದರೂ ವಾರ್ಡಿನಲ್ಲಿ ಆ ಗೆರೆಗಾಗಿಯೇ ಕಾಯುತ್ತಾರೆ.